ಹೊಲದ ಬದಲು ತಿಪ್ಪೆಯ ಮಣ್ಣು

ಮರಮ್ಮನ ಹೊಲ ಕಂಡರೆ ಸೋಮಮ್ಮನಿಗೆ ಸಂಕಟವೂ ಸಿಟ್ಟೂ ಒಟ್ಟಿಗೆ ಬರುತ್ತಿತ್ತು. ಬದುವಿನ ಆಚೆಗಿರುವ ಹೊಲ. ಮೂರು ವರ್ಷ ಅದರಲ್ಲಿ ಕಂಪನಿಯವರ ನೇಪಿಯರ್ ಹುಲ್ಲು ಬೆಳೆಯಿತು. ಆಳೆತ್ತರದ ಹುಲ್ಲನ್ನು ಕೊಯ್ದು, ಗ್ಯಾಸ್ ತೆಗೆಯುವ ಕಾರ್ಖಾನೆಗೆ ಲಾರಿಗಟ್ಟಲೆ ಸಾಗಿಸಿದರು. ಮಣ್ಣು ಹೇಗಿದೆ ಎಂದು ನಾಟಿಗೆ ಮುಂಚೆಯೂ ಯಾರೂ ನೋಡಲಿಲ್ಲ, ಆಮೇಲೂ ನೋಡಲಿಲ್ಲ. ಈಗ ಅಲ್ಲಿ ರಾಗಿ ಬಿತ್ತಿದರೆ ಪೈರು ಗೇಣುದ್ದ ಬಂದು ಹಳದಿಯಾಗಿ ನಿಂತುಬಿಡುತ್ತದೆ. "ಕಂಪ್ನಿಯೋರ್ನ ಕೇಳುದ್ರೆ, ನಿನ್ ಮಣ್ಣು ಮೊದ್ಲಿಂದ್ಲೂ ಅಂಗೇ ಇತ್ತು ಕಣಮ್ಮ ಅಂತಾರೆ" ಎಂದು ಮರಮ್ಮ ಗೋಳಾಡುತ್ತಾಳೆ. ಇಲ್ಲ, ಚೆನ್ನಾಗಿತ್ತು ಎಂದು ತೋರಿಸಲು ಅವಳ ಕೈಯಲ್ಲಿ ಏನಿದೆ? ಏನೂ ಇಲ್ಲ.

ಅದೇ ಕಂಪನಿಯ ಉಮಾಶಂಕರ ಒಂದು ದಿನ ಬಿಳಿಕೆರೆ ಕಡೆಯಿಂದ ಜೀಪಿನಲ್ಲಿ ಬಂದು ಸೋಮಮ್ಮನ ಜಗಲಿಯ ಮೇಲೆ ಕೂತ.

"ನಿಮ್ಮ ಮಣ್ಣು ಟೆಸ್ಟ್ ಆಯ್ತಮ್ಮ. ಫಸ್ಟ್ ಕ್ಲಾಸ್! ಗೊಬ್ಬರವೇ ಬೇಡ. ಮುಂದಿನ ತಿಂಗಳು ಬಂದು ಹುಲ್ಲಿನ ಒಪ್ಪಂದಕ್ಕೆ ಸಹಿ ಹಾಕಿಸ್ಕೊತೀನಿ. ಏಳು ವರ್ಷ ನೀವು ಆರಾಮಾಗಿರಬಹುದು" ಎಂದು ಹೇಳಿ, ಕಾಫಿ ಕುಡಿದು ಹೊರಟ.

ಸೋಮಮ್ಮನಿಗೆ ಅರ್ಥವಾಗಲಿಲ್ಲ. ದಿನ ಬೆಳಗಾದರೆ ಹೊಲದಲ್ಲಿರುವವಳು ಅವಳು. ಅಲ್ಲಿ ಯಾರೂ ಮಣ್ಣು ತೆಗೆದದ್ದನ್ನು ಅವಳು ಕಂಡಿಲ್ಲ.

"ಎಲ್ಲಿಂದ ಮಣ್ಣು ತಕ್ಕೊಂಡೋದ ಅವ್ನು?" ಎಂದು ಗಂಡನನ್ನು ಕೇಳಿದಳು.

ಸಣ್ಣಬೀರಯ್ಯ ಮೀಸೆಯಲ್ಲೇ ನಕ್ಕ. "ಒಂದು ಹಿಡಿ ಸಾಕು ಅಂದ್ರು. ನಾನೇ ಕೊಟ್ಟೆ ಕಣಮ್ಮಿ. ತಿಪ್ಪೆ ಪಕ್ಕದಲ್ಲಿ ಕರ್ರುಗೆ ಬೆಣ್ಣೆ ಅಂಗೆ ಐತಲ್ಲ, ಅದ್ನ."

"ತಿಪ್ಪೆ ಮಣ್ಣಾ!"

"ಮತ್ತೆ? ಬೇರೆಯೋರು ಕೇಳ್ದಾಗ ಇರೋದ್ರಲ್ಲಿ ಒಳ್ಳೇದ್ನ ಕೊಡ್ಬೇಕು ತಾನೆ? ಮೇಗ್ಲು ಹೊಲದ ಕಲ್ಲುಮಣ್ಣು ಕೊಟ್ಟು ಮರ್ವಾದೆ ಕಳ್ಕೊಳ್ಳಾಕಾಯ್ತದಾ?"

ಸೋಮಮ್ಮನ ಮೈಯೆಲ್ಲ ಉರಿದುಹೋಯಿತು. ನೆಂಟರಿಗೆ ಬಡಿಸುವಾಗ ಒಳ್ಳೆಯದನ್ನು ಆರಿಸುವುದು ಸರಿ. ರಕ್ತಪರೀಕ್ಷೆಗೆ ಹೋದವರು ಪಕ್ಕದ ಮನೆ ಪೈಲ್ವಾನನ ರಕ್ತ ಕೊಟ್ಟು ಬರುತ್ತಾರೆಯೇ? ಇವನಿಗೇನೋ ಬುದ್ಧಿಯಿಲ್ಲ. ಆದರೆ ಓದಿಕೊಂಡ ಆ ಉಮಾಶಂಕರ, ಇದು ಎಲ್ಲಿಯ ಮಣ್ಣು ಎಂದು ಒಂದು ಮಾತು ಕೇಳಲಿಲ್ಲವಲ್ಲ! ಕೇಳುವುದು ಅವನಿಗೆ ಬೇಕಿರಲಿಲ್ಲ, ಅಷ್ಟೆ.

"ನಿನ್ ಮನೆ ಕಾಯ್ವಾಗ! ಕುರಿಮಂದೆ ನಿಲ್ಸಿ, ತಲೆ ಮೇಲೆ ಗೊಬ್ಬರ ಹೊತ್ತು ಹದ ಮಾಡಿರೋ ಹೊಲ ಕಣಯ್ಯ ಅದು. ಅದು ಕೆಟ್ಟೋದ್ರೆ ನಾಳಿಕ್ಕೆ ಮಕ್ಳು ಏನ್ ತಿಂತಾರೆ, ನಿನ್ ಮರ್ವಾದೆನಾ?"

ಅಷ್ಟು ಹೇಳಿ ಅವಳು ಸೀದಾ ಹೋಗಿ ಪದ್ಮಶ್ರೀಯನ್ನು ಕರೆತಂದಳು. ಪದ್ಮಶ್ರೀ ಅವಳದೇ ಸ್ವಸಹಾಯ ಸಂಘದವಳು, ರೈತರಿಗೆ ಸಲಹೆ ಕೊಡುವ ಕೃಷಿ ಸಖಿಯಾಗಿ ತರಬೇತಿ ಪಡೆದವಳು.

"ಹುಲ್ಲು ಹಾಕ್ಲೇಬಾರ್ದು ಅಂತಲ್ಲ ಬೀರಣ್ಣ" ಎಂದಳು ಪದ್ಮಶ್ರೀ. "ರಾಗಿ ಬೆಳುದ್ರೆ ಕೂಳೆ ಹೊಲದಲ್ಲೇ ಉಳೀತದೆ. ರಾಗಿಹುಲ್ಲು ದನ ತಿಂದು, ಗೊಬ್ಬರ ಆಗಿ ವಾಪಸ್ ಬತ್ತದೆ. ಕಂಪ್ನಿ ಹುಲ್ಲನ್ನ ಬುಡಕ್ಕೇ ಕೊಯ್ದು ಲಾರಿಗೆ ತುಂಬ್ತಾರೆ. ಮಣ್ಣಿನ ಸಾರನೂ ಲಾರಿ ಹತ್ತಿ ಹೋಯ್ತದೆ. ಎಷ್ಟಿತ್ತು, ಎಷ್ಟೋಯ್ತು ಅಂತ ಗೊತ್ತಾಗ್ಬೇಡ್ವಾ? ಅದುಕ್ಕೇ ಹಾಕೋಕೆ ಮುಂಚೆ ಒಂದ್ಸಲ, ಆಮೇಲೆ ವರ್ಷೊರ್ಷ ಪರೀಕ್ಷೆ ಮಾಡುಸ್ಬೇಕು."

"ನಾನ್ ಹುಟ್ಟುದಾಗಿಂದ ನೋಡಿರೋ ಮಣ್ಣು. ಕಣ್ಣಲ್ಲಿ ನೋಡುದ್ರೆ ಗೊತ್ತಾಗಲ್ವಾ ನಂಗೆ?"

"ಕಣ್ಣಿಗೆ ಬಣ್ಣ ಗೊತ್ತಾಯ್ತದೆ. ಉಪ್ಪು, ಹುಳಿ, ಪೊಟ್ಯಾಷ್ ಗೊತ್ತಾಯ್ತದಾ? ಎದ್ದೇಳಿ."

ಮೂವರೂ ಹೊಲಕ್ಕೆ ಇಳಿದರು. ಬದು ಬಿಟ್ಟು, ಮರದ ಬುಡ ಬಿಟ್ಟು, ತಿಪ್ಪೆಯ ಕಡೆ ತಿರುಗಿಯೂ ನೋಡದೆ, ಅಂಕುಡೊಂಕಾಗಿ ನಡೆಯುತ್ತ ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ ಗೇಣುದ್ದದ ಗುಂಡಿ ತೋಡಿದರು. ಗುಂಡಿಯ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ಕೆರೆದು, ಆ ಮಣ್ಣನ್ನೆಲ್ಲ ಕಲೆಸಿದರು. ಮೇಲಿನ ಹೊಲದ್ದು ಬೇರೆ ಗುಡ್ಡೆ, ಕೆಳಗಿನ ಹೊಲದ್ದು ಬೇರೆ. ತುಂಬಲು ಸಣ್ಣಬೀರಯ್ಯ ಖಾಲಿ ಯೂರಿಯಾ ಚೀಲ ತಂದಾಗ ಪದ್ಮಶ್ರೀಗೂ ರೇಗಿತು. "ಅದ್ರಲ್ಲಿ ತುಂಬುದ್ರೆ ಯೂರಿಯಾನೇ ಟೆಸ್ಟ್ ಆಯ್ತದೆ ಬೀರಣ್ಣ!" ಕೊನೆಗೆ ಮಣ್ಣನ್ನು ನೆರಳಲ್ಲಿ ಒಣಗಿಸಿ, ಅರ್ಧರ್ಧ ಕೆಜಿ ಒಗೆದ ಬಟ್ಟೆಚೀಲಕ್ಕೆ ಹಾಕಿ, ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಬಂದರು.

ವರದಿ ಬಂತು. ಕೆಳಗಿನ ಹೊಲ ಪರವಾಗಿಲ್ಲ. ಮೇಲಿನದರಲ್ಲಿ ಪೊಟ್ಯಾಷ್ ಕಡಿಮೆ, ಸಾವಯವ ಇಂಗಾಲ ಇನ್ನೂ ಕಡಿಮೆ.

"ಮಣ್ಣಿನ ಜೀವನೇ ಅದು" ಎಂದಳು ಪದ್ಮಶ್ರೀ. "ಗೊಬ್ಬರ ಕೊಡ್ದೆ ಇಲ್ಲಿ ಹುಲ್ಲು ಕೊಯ್ತಾ ಹೋದ್ರೆ ಮರಮ್ಮನ ಹೊಲನೇ ಆಯ್ತದೆ."

ಸಣ್ಣಬೀರಯ್ಯ ಬದುವಿನ ಆಚೆ ನೋಡಿದ. "ನಂದೇ ತಪ್ಪು ಬುಡು" ಎಂದ.

ಉಮಾಶಂಕರ ಮತ್ತೆ ಬಂದಾಗ ಸಣ್ಣಬೀರಯ್ಯನೇ ಮೊದಲು ಬಾಯಿಬಿಟ್ಟ. "ನಾನ್ ಕೊಟ್ಟಿದ್ದು ತಿಪ್ಪೆ ಮಣ್ಣು ಕಣ್ರೀ. ಹೊಲದ ವರದಿ ಇಲ್ಲೈತೆ, ನೋಡಿ."

ಉಮಾಶಂಕರ ಅದನ್ನು ಮುಟ್ಟಲೂ ಇಲ್ಲ. ಸೋಮಮ್ಮ ಬಾಗಿಲಿಗೆ ಬಂದಳು.

"ಮೇಗ್ಲು ಹೊಲ ಕೊಡಲ್ಲ. ಕೆಳಗಿಂದು ಬೇಕಾದ್ರೆ, ವರ್ಷೊರ್ಷ ನಮ್ಮ ಕಣ್ಮುಂದೆ ಮಣ್ಣು ತೆಗ್ದು ಪರೀಕ್ಷೆ ಮಾಡ್ಸಿ. ಎಷ್ಟು ಸಾರ ತಕ್ಕೋತೀರೋ ಅಷ್ಟು ಗೊಬ್ಬರ ವಾಪಸ್ ಹಾಕಿ. ಅದ್ನ ಒಪ್ಪಂದದಲ್ಲಿ ಬರೀರಿ."

"ಊರಲ್ಲಿ ಬೇರೆ ಯಾರೂ ಇದನ್ನೆಲ್ಲ ಕೇಳಿಲ್ಲಮ್ಮ."

"ಕೇಳ್ನಿಲ್ಲ ಅಂತ್ಲೇ ಅವ್ರ ಹೊಲ ಅಂಗಾಗಿರೋದು. ಬರ್ಕೊಂಡು ಬನ್ನಿ, ಆಮೇಲೆ ಕೂತ್ಕೊಳ್ಳೀರಂತೆ."

ಸಹಿಯಿಲ್ಲದೆ ಜೀಪು ಹಿಂತಿರುಗಿತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಅಕ್ಕಂದಿರೇ, ಅಣ್ಣಂದಿರೇ, ಹುಲ್ಲಾಗಲಿ ಜೋಳವಾಗಲಿ, ಇಂಧನದ ಬೆಳೆಗೆ ಹೊಲ ಬಿಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ನಿಮ್ಮ ಕೈಯಿಂದಲೇ, ಹೊಲದ ಎಲ್ಲ ಕಡೆಯಿಂದ ಮಣ್ಣು ತೆಗೆಯಿರಿ. ವರದಿಯನ್ನು ಜೋಪಾನವಾಗಿಡಿ, ವರ್ಷ ವರ್ಷ ಹೋಲಿಸಿ ನೋಡಿ. ಕೇಳಲು ಸಂಕೋಚ ಬೇಡ, ಸಿಟ್ಟು ಬಂದರೆ ನುಂಗಿಕೊಳ್ಳಬೇಡಿ. ಮಣ್ಣು ಸತ್ತ ಮೇಲೆ ಯಾವ ಕಂಪನಿಯವನೂ ತಿಥಿಗೆ ಬರುವುದಿಲ್ಲ.