ಮುರಿಯದೆ ಇಟ್ಟ ಹತ್ತಿ ಕಡ್ಡಿ

2023ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 10 ಗಂಟೆ 42 ನಿಮಿಷಕ್ಕೆ ನಾನು ಹುಟ್ಟಿದೆ. ಯಂತ್ರದ ಬಾಯಿಂದ ತಟ್ಟೆಗೆ ಉರುಳಿ ಬಿದ್ದಾಗ ಎದುರಿಗೇ ಕಾರ್ಖಾನೆಯ ಗೋಡೆ ಗಡಿಯಾರವಿತ್ತು. ಅದಕ್ಕೇ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ.

ನಾನು ಒಂದು ಹತ್ತಿ ಕಡ್ಡಿ. ಅಂಗಡಿಯಲ್ಲಿ ಬಡ್ಸ್ ಎನ್ನುತ್ತಾರೆ. ನಡುವೆ ಬಿದಿರು, ಎರಡು ತುದಿಗೂ ಹತ್ತಿ. ಒಟ್ಟು ಉದ್ದ ಎಪ್ಪತ್ತಾರು ಮಿಲಿಮೀಟರ್. ನನ್ನಂಥ ನೂರು ಕಡ್ಡಿಗಳನ್ನು ಒಂದು ಗುಂಡು ಡಬ್ಬಿಯಲ್ಲಿ ನಿಲ್ಲಿಸಿ ಮುಚ್ಚಳ ಹಾಕಿದರು. ನಮಗೆಲ್ಲ ಕಿವಿಯ ಭಯ. ಮೇಣ ತುಂಬಿದ ಕತ್ತಲ ಬಿಲಕ್ಕೆ ತಲೆ ತೂರಿಸಬೇಕಂತೆ ಎಂಬ ಮಾತು ಡಬ್ಬಿಯೊಳಗೆ ಹುಟ್ಟಿನಿಂದಲೇ ಇತ್ತು. ಆದರೆ ನಮ್ಮ ಡಬ್ಬಿ ಹೋಗಿ ಸೇರಿದ್ದು ಅರಸೀಕೆರೆಯ ರೈಲ್ವೆ ಸ್ಟೇಷನ್ ರಸ್ತೆಯ ಒಂದು ಬ್ಯೂಟಿ ಪಾರ್ಲರಿಗೆ, ಪಂಕಜಾಕ್ಷಿ ಎಂಬಾಕೆಯ ಮೇಜಿನ ಮೇಲಕ್ಕೆ.

ಅಲ್ಲಿ ಕಿವಿಯ ಕೆಲಸವಿರಲಿಲ್ಲ. ತುಟಿಯ ಅಂಚು ಮೀರಿದ ಬಣ್ಣ ಒರೆಸುವುದು, ಹರಡಿದ ಕಾಡಿಗೆ ತಿದ್ದುವುದು, ರೆಪ್ಪೆಯ ಮೇಲಿನ ಪುಡಿಯನ್ನು ಮೆದುವಾಗಿ ತೀಡುವುದು. ಒಂದು ಕಣ್ಣಿಗೆ ಒಂದು ತುದಿ, ಇನ್ನೊಂದು ಕಣ್ಣಿಗೆ ಇನ್ನೊಂದು ತುದಿ. ಅದಾದ ಕೂಡಲೇ ಪಂಕಜಾಕ್ಷಿ ಕಡ್ಡಿಯನ್ನು ಎರಡು ಬೆರಳ ನಡುವೆ ಹಿಡಿದು ಟಕ್ಕೆಂದು ಮುರಿದು ಬುಟ್ಟಿಗೆ ಹಾಕುತ್ತಿದ್ದಳು.

ಪಾರದರ್ಶಕ ಮುಚ್ಚಳದ ಒಳಗಿಂದ ನಾವು ಅದನ್ನು ದಿನವೂ ನೋಡುತ್ತಿದ್ದೆವು. ಡಬ್ಬಿ ಅಲುಗಿದಾಗಲೆಲ್ಲ ನಾನು ಉಳಿದವರ ಹಿಂದೆ ಸರಿಯುತ್ತಿದ್ದೆ. ಆ ಟಕ್ ಎಂಬ ಸದ್ದು ನನ್ನ ಬಿದಿರಿನ ಒಳಗೆ ಇಳಿದು ಅಲ್ಲೇ ಕೂತಿತ್ತು.

ಒಮ್ಮೆ ಹುಬ್ಬು ತಿದ್ದಿಸಿಕೊಳ್ಳಲು ಬಂದಿದ್ದ ಟೀಚರೊಬ್ಬರು ಕೇಳಿದರು, "ಪಂಕಜಕ್ಕ, ಕಡ್ಡಿ ಮೇಲೆ ನಿಮಗೇನು ಹಗೆ? ಸುಮ್ನೆ ಬಿಸಾಕಿದ್ರೆ ಆಗಲ್ವಾ?"

"ಮುರೀದೆ ಇಟ್ರೆ ಯಾರಾದ್ರೂ ತಗೊಂಡ್ಬಿಡ್ತಾರೆ ಮೇಡಂ," ಎಂದಳು ಪಂಕಜಾಕ್ಷಿ. "ಹಿಂದೆ ಸ್ಕೂಲ್ ಡೇ ಡ್ಯಾನ್ಸಿಗೆ ಹನ್ನೊಂದು ಮಕ್ಕಳಿಗೆ ಒಂದೇ ಕಡ್ಡೀಲಿ ಕಾಡಿಗೆ ತೀಡಿದ್ದೆ. ಮೊದಲನೇ ಹುಡುಗೀಗೆ ಕಣ್ಣು ಬಂದಿತ್ತು, ನಾನು ನೋಡ್ಲಿಲ್ಲ. ಮೂರು ದಿನಕ್ಕೆ ಒಂಬತ್ತು ಮಕ್ಕಳ ಕಣ್ಣು ಕೆಂಪು. ಅದ್ರಲ್ಲಿ ಒಂದು ಮಗೂಗೆ ವಾಸಿಯಾಗೋಕೆ ಎರಡು ತಿಂಗಳು ಹಿಡೀತು. ಅದರಮ್ಮ ನನ್ನ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಆ ದಿನದಿಂದ ನನಗೆ ಎರಡನೆಯ ಭಯವೂ ಶುರುವಾಯಿತು. ನನ್ನ ಹತ್ತಿ ಏನನ್ನು ಮುಟ್ಟಿದರೂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಡವೆನ್ನುವ ಶಕ್ತಿ ಹತ್ತಿಗಿಲ್ಲ.

ಆ ವರ್ಷ ಮಳೆಗಾಲದಲ್ಲಿ ಊರ ತುಂಬ ಮದ್ರಾಸ್ ಐ ಎಂಬ ಕಣ್ಣುಬೇನೆ ಹರಡಿತು. ಅಧಿಕ ಮಾಸ ಕಳೆದು ನಿಜ ಶ್ರಾವಣ ಬಂದದ್ದೇ ತಡ, ಎಲ್ಲ ಕಲ್ಯಾಣ ಮಂಟಪಗಳೂ ಭರ್ತಿಯಾದವು. ಅಂಥ ಒಂದು ಬೆಳಿಗ್ಗೆ ಏಳು ಗಂಟೆಗೆ, ಮಂಟಪವೊಂದರ ಮದುವಣಗಿತ್ತಿಯ ಕೋಣೆಯಲ್ಲಿ, ಪಂಕಜಾಕ್ಷಿಯ ಬೆರಳು ಡಬ್ಬಿಯೊಳಗೆ ಇಳಿದು ನನ್ನನ್ನೇ ಹಿಡಿಯಿತು.

ಮದುವಣಗಿತ್ತಿಯ ಹೆಸರು ಬಿಂದುಶ್ರೀ.

"ಕಣ್ಯಾಕೆ ಕೆಂಪಗಿದೆ?" ಎಂದಳು ಪಂಕಜಾಕ್ಷಿ.

"ರಾತ್ರಿಯೆಲ್ಲ ಅತ್ತಿದ್ದೆ ಅಕ್ಕ."

"ಇವತ್ತಿಗೆ ಮುಗಿಸ್ಬಿಡು. ನಾಳೆಯಿಂದ ಅವನ ಸರದಿ." ಪಂಕಜಾಕ್ಷಿ ನಕ್ಕಳು. "ನಿಮ್ಮತ್ತೆ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರಂತೆ, ಕಣ್ಣು ಕೆಂಪಾದೋರು ಮದುವೆಗೆ ಬರ್ಬೇಡಿ ಅಂತ?"

"ಹೂಂ," ಎಂದಳು ಬಿಂದುಶ್ರೀ. ಆ ಹೂಂ ಬಹಳ ಸಣ್ಣದಾಗಿತ್ತು. ಕೆಳಗಿನಿಂದ ನನಗೆ ಮಾತ್ರ ಕಂಡಿತು: ಸೆರಗಿನ ಮರೆಯಲ್ಲಿ ಅವಳ ಎಡಗೈ ಕಣ್ಣಿನ ಔಷಧಿಯ ಸಣ್ಣ ಬಾಟಲಿಯನ್ನು ಅವುಚಿ ಹಿಡಿದಿತ್ತು.

ನಾನು ಕಾಡಿಗೆ ಮುಟ್ಟಿ ಅವಳ ಬಲಗಣ್ಣಿನ ಮೂಲೆಗೆ ಹೋದೆ. ಅಲ್ಲಿದ್ದುದು ಕಣ್ಣೀರಲ್ಲ. ಕಣ್ಣೀರು ತೆಳ್ಳಗೆ ಹತ್ತಿಗೆ ಇಳಿಯುತ್ತದೆ. ಇದು ಬೆಚ್ಚಗೆ, ಮಂದವಾಗಿ, ಎಳೆಯೆಳೆಯಾಗಿ ಅಂಟಿತು. ಪಂಕಜಾಕ್ಷಿಯ ಬೆರಳಿಗೂ ತಾಕಿತು. ಅವಳು ಬೆರಳು ನೋಡಿಕೊಂಡಳು. ಮುಖದ ನಗೆ ಹೋಯಿತು.

"ಏನನ್ನೂ ಮುಟ್ಬೇಡ. ಕೈ ತೊಳ್ಕೊಂಡು ಬಂದು ಮಾತಾಡ್ತೀನಿ."

ಕೋಣೆಯ ನಲ್ಲಿಯಲ್ಲಿ ನೀರಿರಲಿಲ್ಲ. ಅವಳು ನನ್ನನ್ನು ಕಾಡಿಗೆ ಡಬ್ಬಿಯ ಮುಚ್ಚಳದ ಮೇಲಿಟ್ಟು ಹಿತ್ತಲಿಗೆ ಓಡಿದಳು. ಮುರಿಯಲಿಲ್ಲ.

ನನಗೆ ಮೊದಲು ಆದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಕೆಂಚಮ್ಮಜ್ಜಿ ಬಂದರು. ಬಿಂದುಶ್ರೀಯ ಅಜ್ಜಿ. ತೋಳಲ್ಲಿ ಬಿಂದುಶ್ರೀಯ ಅಕ್ಕನ ಮೂರು ತಿಂಗಳ ಕೂಸು.

"ಇವರಮ್ಮ ಸೀರೆ ಉಡ್ತಾವ್ಳೆ. ಇಷ್ಟು ಜನ ಸೇರೋ ಕಡೆ ಕೂಸಿಗೆ ಒಂದು ದೃಷ್ಟಿಬೊಟ್ಟೂ ಇಕ್ಕಿಲ್ಲ ನೋಡು," ಎನ್ನುತ್ತ ಅಜ್ಜಿ ಕೂತು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಕಣ್ಣು ನನ್ನ ಮೇಲೆ ಬಿತ್ತು. "ಅಗಳಪ್ಪ, ಕಾಡಿಗೆ ಹತ್ತಿರೋ ಕಡ್ಡೀನೇ ಐತೆ. ದಂಡ ಯಾಕೆ ಮಾಡೋದು."

ಅಜ್ಜಿಯ ಬೆರಳು ಒರಟು, ಹಿಡಿತ ಬಿಗಿ. ಕೂಸಿನ ಎಡಗೆನ್ನೆಗೆ ಒಂದು ಬೊಟ್ಟು ಇಟ್ಟರು. ಅಂಗಾಲಿಗೆ ಒಂದು. ಕೂಸು ಕಾಲೊದ್ದು ನಕ್ಕಿತು. ನನ್ನ ತುದಿಯಲ್ಲಿ ಏನಿದೆ ಎಂದು ಆ ಕೋಣೆಯಲ್ಲಿ ಬಲ್ಲವರು ಇಬ್ಬರೇ: ನಾನು ಮತ್ತು ಬಿಂದುಶ್ರೀ. ನನಗೆ ಬಾಯಿಲ್ಲ. ಅವಳು ಕನ್ನಡಿಯಲ್ಲಿ ನೋಡುತ್ತಿದ್ದಳು, ಬಾಯಿ ತೆರೆಯಲಿಲ್ಲ. ತೆರೆದರೆ ಹೊರಗೆ ನೆರೆದ ಮುನ್ನೂರು ಜನಕ್ಕೂ ಗೊತ್ತಾಗುತ್ತದೆ. ಅತ್ತೆಗೂ.

"ಕಣ್ಣಿಗೂ ಒಂಚೂರು ತೀಡಾನ. ಕಣ್ಣು ಅಗಲ ಆಯ್ತವೆ," ಎಂದು ಅಜ್ಜಿ ಎಡಗೈಯ ಹೆಬ್ಬೆರಳಿನಿಂದ ಕೂಸಿನ ಕೆಳರೆಪ್ಪೆ ಎಳೆದು ಹಿಡಿದರು.

ನಾನು ಕೆಳಗಿಳಿಯತೊಡಗಿದೆ. ಕೂಸು ಅಳಲಿಲ್ಲ. ಕರಿಯ ತುದಿಯನ್ನು ಕುತೂಹಲದಿಂದ ನೋಡಿತು. ಅದರ ಕಣ್ಣಿನ ಬಿಳಿಯಲ್ಲಿ ತೆಳು ನೀಲಿ ಇತ್ತು. ಹಿಂದೆ ಸರಿಯಲು ನನಗೆ ಸಾಧ್ಯವಿರಲಿಲ್ಲ. ಪಾರ್ಲರಿಗೆ ಬಂದಂದಿನಿಂದ ಹೆದರಿದ ಆ ಸದ್ದನ್ನೇ ಆಗ ನಾನು ಬೇಡಿಕೊಂಡೆ. ಯಾರಾದರೂ ನನ್ನನ್ನು ಮುರಿಯಲಿ. ಈಗಲೇ ಮುರಿಯಲಿ.

"ಅಜ್ಜಿ, ಇಕ್ಕಬೇಡ."

"ಯಾಕವ್ವ?"

"ನಂಗೆ ಕಣ್ಣು ಬಂದೈತೆ. ನೆನ್ನೆ ಸಾಯಂಕಾಲದಿಂದ."

ಬಿಂದುಶ್ರೀ ಎದ್ದು ಬಂದು ಅಜ್ಜಿಯ ಕೈಯಿಂದ ನನ್ನನ್ನು ಕಿತ್ತುಕೊಂಡಳು. ಎರಡೂ ಕೈಯಲ್ಲಿ ಹಿಡಿದು ಮುರಿದಳು. ಟಕ್.

ಬಾಗಿಲಲ್ಲಿ ಪಂಕಜಾಕ್ಷಿ ಒದ್ದೆ ಕೈ ಹಾಗೇ ಹಿಡಿದು ನಿಂತಿದ್ದಳು. ಅಜ್ಜಿ ಸೆರಗಿನ ತುದಿಯಿಂದ ಕೂಸಿನ ಕೆನ್ನೆ ಒರೆಸಹೋದರು. "ಸೆರಗು ಬೇಡ ಅಜ್ಜಿ," ಎಂದಳು ಪಂಕಜಾಕ್ಷಿ. "ಸೋಪು ಹಾಕಿ ತೊಳೀಬೇಕು. ಕೆನ್ನೆ, ಕಾಲು, ಕೂಸಿನ ಕೈ, ನಿಮ್ಮ ಕೈ. ಏಳಿ."

ಬಿಂದುಶ್ರೀ ಈಗ ನಿಜವಾಗಿ ಅಳುತ್ತಿದ್ದಳು. "ಅತ್ತೆಗೆ ಏನಂತ ಹೇಳೋದು?"

ಅಜ್ಜಿ ಕೂಸನ್ನು ಎದೆಗವುಚಿಕೊಂಡು ಎದ್ದರು. "ನಾನೇ ಹೇಳ್ತೀನಿ ಬಿಡು. ಕಣ್ಣು ಕೆಂಪಾದೋರು ಬರ್ಬೇಡಿ ಅಂದಿದ್ರಲ್ಲ. ನಮ್ಮುಡುಗಿ ಎಲ್ಲಿಂದ್ಲೂ ಬಂದಿಲ್ಲ, ರಾತ್ರಿಯಿಂದ ಇಲ್ಲೇ ಅವ್ಳೆ ಅಂತೀನಿ. ನೀನೊಂದು ಕಪ್ಪು ಕನ್ನಡಕ ಹಾಕ್ಕೊಂಡು ಕೂತ್ಕೋ. ತಾಳಿ ಕಟ್ಟೋದು ಕುತ್ತಿಗೆಗೆ."

ಪಂಕಜಾಕ್ಷಿ ನನ್ನ ಎರಡೂ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಪಾರ್ಲರಿಗೆ ತಂದು ಬುಟ್ಟಿಗೆ ಹಾಕಿದಳು. ಮರುದಿನ ಅವಳ ಕಣ್ಣೂ ಕೆಂಪಾಯಿತು. ಪಾರ್ಲರ್ ಬಾಗಿಲು ಹಾಕಿತು, ಬುಟ್ಟಿ ಹಾಗೇ ಉಳಿಯಿತು. ಕತ್ತಲಲ್ಲಿ ನನಗೆ ಒಂದೇ ಯೋಚನೆ. ತೊಳೆಯುವ ಮೊದಲೇ ಕೂಸಿನ ಪುಟ್ಟ ಕೈ ಕೆನ್ನೆಯಿಂದ ಕಣ್ಣಿಗೆ ಹೋಗಿದ್ದರೆ?

ಐದನೆಯ ದಿನ ಪಂಕಜಾಕ್ಷಿ ಕಪ್ಪು ಕನ್ನಡಕದಲ್ಲಿ ಬಂದು ಫೋನು ಹಿಡಿದು ನಿಂತಳು. "ಕೂಸು ಹೆಂಗಿದೆ ಅಜ್ಜಿ? ಎರಡು ಕಣ್ಣೂ? ಬೆಳಕಿಗೆ ಹಿಡಿದು ನೋಡಿದ್ರಾ? ಬೆಳ್ಳಗೇ ಇದೆಯಾ?" ಅತ್ತಲಿನ ಮಾತು ನನಗೆ ಕೇಳಿಸಲಿಲ್ಲ. ಅವಳು ಕನ್ನಡಕ ತೆಗೆದು ಕುರ್ಚಿಯಲ್ಲಿ ಕೂತು, "ಬೆಳ್ಳಗೇ ಇದೆ ಅಂದ್ರಲ್ಲ, ಅಷ್ಟು ಸಾಕು ಅಜ್ಜಿ," ಎಂದಳು.

ನಾಳೆ ನಗರಸಭೆಯ ಕಸದ ಗಾಡಿ ಬರುತ್ತದೆ. ಹೋಗಲು ಹೆದರಿಕೆಯಿಲ್ಲ. ಆ ಬೆಳಗಿನ ಹೆದರಿಕೆ ಮಾತ್ರ ಇನ್ನೂ ಬಿಟ್ಟಿಲ್ಲ. ಕಾಡಿಗೆ ಹತ್ತಿದ ನನ್ನ ತುಂಡು ಈಗ ಮೂವತ್ತೊಂದು ಮಿಲಿಮೀಟರ್ ಉದ್ದವಿದೆ. ಬಿಂದುಶ್ರೀ ಬಾಯಿ ತೆರೆದಾಗ ಕೂಸಿನ ಕಣ್ಣಿಗೂ ನನಗೂ ಇದ್ದ ದೂರ ನಾಲ್ಕು ಮಿಲಿಮೀಟರ್.