ಮಾಜಿ ಪ್ರಧಾನಿಯೂ ನಮ್ಮ ರೈಲ್ವೆ ಗೇಟೂ

ರೈಲ್ವೆ ಗೇಟು ಬಿದ್ದರೆ ನಮ್ಮ ಬೀದಿಯ ಉಸಿರೇ ನಿಲ್ಲುತ್ತದೆ. ಆಸ್ಪತ್ರೆ ಹಳಿಯ ಆಚೆ, ನಾವು ಈಚೆ. ಕ್ಷೌರದಂಗಡಿಯವನ ಮಗಳಿಗೆ ಮೊದಲ ಹೆರಿಗೆ ಆದದ್ದು ಆ ಗೇಟಿನ ಮುಂದೆ, ಆಟೋದೊಳಗೆ. ಕೂಸು ಉಳಿಯಲಿಲ್ಲ. ಈಗ ಅವಳು ಮತ್ತೆ ತುಂಬು ಬಸುರಿ, ತವರಿಗೆ ಬಂದಿದ್ದಾಳೆ.

ಅಂಗಡಿಯ ಕನ್ನಡಿಯ ಮೇಲೆ ಮಾತ್ರ ನಮ್ಮ ಸಂಸದರ ಫೋಟೋ ನಗುತ್ತಿತ್ತು. ಒಂದು ಕಾಲಕ್ಕೆ ದೇಶದ ಪ್ರಧಾನಿ. ಆ ಕುರ್ಚಿ ಹೋದ ಮೇಲೆ ನಮ್ಮಲ್ಲಿ ನಿಂತು ಗೆದ್ದರು. ಈಗ ಮತ್ತೆ ಚುನಾವಣೆ.

"ಈ ಸಲ ಅವರನ್ನ ಗೇಟಿನ ವಿಷಯ ಕೇಳಪ್ಪಾ" ಎಂದಳು ಮಗಳು.

"ಪ್ರಧಾನಿ ಆಗಿದ್ದಾಗ ಯುದ್ಧ ನಿಲ್ಲಿಸಿದೋರು ಕಣೇ ಅವರು! ಅಂಥೋರ ಹತ್ರ ಗೇಟು ಗೀಟು ಅಂತ ಬಾಯಿ ಬಿಡೋಕಾಗುತ್ತಾ?"

"ಯುದ್ಧ ನಿಲ್ಲಿಸಿದ್ದಕ್ಕೆ ಕೈ ಮುಗಿಯೋಣ. ಆದ್ರೆ ಈಗ ಅವರು ನಮ್ಮ ಸಂಸದರು. ಸಂಸತ್ತಿನ ವೆಬ್‌ಸೈಟ್ ನೋಡ್ದೆ. ಹೊರದೇಶದ ವಿಷಯಕ್ಕೆ ಚೆನ್ನಾಗೇ ಮಾತಾಡಿದಾರೆ. ನಮ್ಮೂರಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಹಾಜರಿಯಂತೂ ಕೇಳಲೇಬೇಡ."

"ದೊಡ್ಡೋರಿಗೆ ಸಾವಿರ ಕೆಲ್ಸ."

"ಪಕ್ಕದ ಕ್ಷೇತ್ರದ ಸಂಸದ ಮೊದಲು ಲಾರಿ ಓಡಿಸ್ತಿದ್ದ. ಜನ ಅವನ ಬೆನ್ನು ಬಿಡ್ಲಿಲ್ಲ, ಹಳಿ ಕೆಳಗೆ ದಾರಿ ಬಂತು. ನಾವು ಫೋಟೋ ಒರೆಸ್ಕೊಂಡು ಕೂತಿದೀವಿ. ಹಿಂದೆ ಕೈ ಚೆನ್ನಾಗಿತ್ತು ಅಂತ ಇವತ್ತು ನಿನ್ನ ಮೊಂಡು ಕತ್ತಿಗೆ ಯಾರಾದ್ರೂ ಕೆನ್ನೆ ಕೊಡ್ತಾರಾ?"

"ನಾನಂತೂ ಕೊಡಲ್ಲಪ್ಪಾ!" ಎಂದ, ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ.

ಅಪ್ಪ ನಗಲಿಲ್ಲ. ಮಗಳ ಹೊಟ್ಟೆಯ ಕಡೆ ನೋಡಿದ.

ಸಂಜೆ ಮಾಜಿ ಪ್ರಧಾನಿ ವೋಟು ಕೇಳುತ್ತ ಬೀದಿಗೆ ಬಂದರು. ಕ್ಷೌರದವನು ಹೂಗುಚ್ಛ ಹಿಡಿದು ಅಡ್ಡ ನಿಂತ.

"ಸಾಹೇಬ್ರೇ, ನೀವು ದೇಶಕ್ಕೆ ಮಾಡಿದ್ದಕ್ಕೆ ಈ ಹೂವು. ಸಂಸದರಾಗಿ ನಮ್ಮ ಗೇಟಿನ ಮಾತು ಸದನದಲ್ಲಿ ಎತ್ತಿದ್ರಾ?"

ಅವರು ಮುಗಿದಿದ್ದ ಕೈ ಇಳಿಸಿದರು. "ಯಾರೂ ನನ್ನನ್ನ ಕೇಳಲೇ ಇಲ್ಲವಲ್ಲ."

"ಅದು ನಮ್ಮ ತಪ್ಪು. ಗೇಟಲ್ಲಿ ನನ್ನ ಮೊಮ್ಮಗು ಹೋಯ್ತು. ಅದು ನಿಮಗೆ ಗೊತ್ತೇ ಆಗ್ಲಿಲ್ವಲ್ಲ, ಅದು ನಿಮ್ಮ ತಪ್ಪು. ನಾಳೆ ನಿಮ್ಮ ಎದುರಾಳಿ ಬರ್ತಾರೆ, ಅವರನ್ನೂ ಇದನ್ನೇ ಕೇಳ್ತೀನಿ."

ಹೂವು ಕೊಟ್ಟ. ವೋಟಿನ ಮಾತು ಕೊಡಲಿಲ್ಲ.

ಅಂದೇ ಮಗಳನ್ನು ಹಳಿಯಾಚೆಯ ಚಿಕ್ಕಮ್ಮನ ಮನೆಗೆ ಸೇರಿಸಿದ. ಹಳಿಯ ಕೆಳಗೆ ದಾರಿಯಾಗುವವರೆಗೆ ಹೊಟ್ಟೆಯ ಕೂಸು ಕಾಯುತ್ತದೆಯೇ?

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಸಂಸದರು ಹಿಂದೆ ಏನೇ ಆಗಿದ್ದಿರಲಿ, ಗೌರವ ಕೊಡಿ. ಆದರೆ ಬಾಯಿ ಕಟ್ಟಿಕೊಳ್ಳಬೇಡಿ. ಸದನಕ್ಕೆ ಹೋದಿರಾ? ನಮ್ಮ ಮಾತು ಎತ್ತಿದಿರಾ? ಎದುರು ನಿಂತು ಕೇಳಿ. ಉತ್ತರ ಸಿಕ್ಕ ಮೇಲೆ ಮತಗಟ್ಟೆಗೆ ನಡೆಯಿರಿ. ಮನೆಯವರೆಲ್ಲ ನಡೆಯಿರಿ.