ಮೊಣಕೈವರೆಗಿನ ನಂಬಿಕೆ

ಮಹಾರುದ್ರಪ್ಪನವರ ಕರಿ ಕೋಟಿನ ಬಲತೋಳು ಮೊಣಕೈವರೆಗೆ ಬೂದಿಬಣ್ಣಕ್ಕೆ ತಿರುಗಿದೆ. ಎಡತೋಳು ಮಾತ್ರ ಇನ್ನೂ ಮದುವೆಯ ಮನೆಗೆ ಹೋಗಿಬರುವಷ್ಟು ಕಪ್ಪಾಗಿದೆ. ಬಸವಕಲ್ಯಾಣದ ಮಾರುಕಟ್ಟೆಯಲ್ಲಿ ರೈತರ ತೊಗರಿಯನ್ನು ಕಮಿಷನ್ನಿಗೆ ಮಾರಿಸುವ ಅಡತಿ ಅಂಗಡಿ ನಡೆಸುತ್ತ ಬಂದ ಈ ಹಿರಿಯರು, ಚೀಲದ ಬಾಯಲ್ಲಿ ಎಷ್ಟೇ ಚೆಂದದ ಕಾಳು ನಗುತ್ತಿರಲಿ, ಅದಕ್ಕೆ ಮರುಳಾಗದೆ, ಕೋಟನ್ನೂ ಕಳಚದೆ, ತೋಳನ್ನು ಮೊಣಕೈವರೆಗೆ ಒಳಗಿಳಿಸಿ, ತಳದ ಹಿಡಿಕಾಳನ್ನು ಮೂಸಿದ ಮೇಲೆಯೇ ದರ ಹೇಳುವವರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವೆಲ್ಲ ಬಾಯಲ್ಲಿಟ್ಟುಕೊಂಡಿದ್ದರೆ ಅವರು ತೋಳಿನಲ್ಲಿಟ್ಟುಕೊಂಡಿದ್ದರು. ಮಾಸ್ತರಿಕೆಯಿಂದ ನಿವೃತ್ತನಾಗಿ, ಸಂಜೆ ಅವರ ಗಾದಿಯ ಮೇಲೆ ಚಹಾಕ್ಕೆ ಕೂರುವ ನನಗೆ ಬಿಸ್ಕೀಟು ಕೊಡುವಾಗಲೂ ಒಂದನ್ನು ಮುರಿದು ನೋಡಿಯೇ ಕೊಡುತ್ತಾರೆ.

ಇಂಥವರು ಷೇರುಪೇಟೆಗೆ ಇಳಿದದ್ದೇ ಒಂದು ಸೋಜಿಗ. ಪತ್ನಿ ಶಕುಂತಲಾಬಾಯಿಯವರಿಗೆ ತವರಿನಿಂದ ಬಂದಿದ್ದ ಘಾಟಬೋರಾಳದ ಹೊಲ ರಸ್ತೆಗೆ ಹೋಗಿ ಪರಿಹಾರದ ಹಣ ಬಂದಿತ್ತು. ಅದೇ ಊರಲ್ಲಿ ಮತ್ತೊಂದು ಹೊಲ ಕೊಳ್ಳಬೇಕು, ತವರಿನ ಮಣ್ಣಿನಲ್ಲಿ ತನ್ನದೆಂಬ ಒಂದು ಬದು ಇರಬೇಕು ಎಂಬುದು ಆಕೆಯ ಒಂದೇ ಆಸೆ. ಹೊಲ ಸಿಗುವ ತನಕ ದುಡ್ಡು ಸುಮ್ಮನೆ ಯಾಕೆ ಮಲಗಿರಬೇಕೆಂದು ಯಜಮಾನರು ಅದನ್ನು, ಮೊಬೈಲುಗಳಿಗೆ ಚಾರ್ಜಿಂಗ್ ಚಿಪ್ಪು ಒದಗಿಸುವ ಒಂದು ಕಂಪನಿಯ ಷೇರುಗಳಲ್ಲಿ ಹಾಕಿದರು. ಹಾಕುವ ಮುಂಚೆ ಮಾಲು ನೋಡದೆ ಬಿಟ್ಟಾರೆಯೇ? ಹುಮನಾಬಾದಿನಲ್ಲಿ ಫೋನ್ ರಿಪೇರಿ ಮಾಡುವ ಜುಬೇರನ ಅಂಗಡಿಗೆ ಹೋಗಿ, ಬಿಚ್ಚಿಟ್ಟ ಫೋನುಗಳ ಹೊಟ್ಟೆಯನ್ನೆಲ್ಲ ಭೂತಗನ್ನಡಿಯಲ್ಲಿ ಪರೀಕ್ಷಿಸಿದರು. ಎಲ್ಲದರಲ್ಲೂ ಅದೇ ಕಂಪನಿಯ ಗುರುತು.

"ಚೀಲದ ತಳಾ ನೋಡಿ ಬಂದೀನ್ರಿ ಮಾಸ್ತರ," ಎಂದು ನನ್ನೆದುರು ಮೀಸೆ ತಿರುವಿದರು. "ಎಲ್ಲಾದ್ರಾಗೂ ಇವರದೇ ಮಾಲ್ ಅದ."

ವರ್ಷ ಕಳೆಯುವುದರೊಳಗೆ ಪುಣೆಯ ಹೊಸ ಕಂಪನಿಯೊಂದು ಅಂಥದೇ ಚಿಪ್ಪನ್ನು ಕಡಿಮೆ ದರಕ್ಕೆ ಒದಗಿಸತೊಡಗಿತು. ಇವರ ಷೇರು ಇಂದು ಒಂದು ಮೆಟ್ಟಿಲು ಏರಿದರೆ ನಾಳೆ ಎರಡು ಮೆಟ್ಟಿಲು ಇಳಿಯುತ್ತಿತ್ತು. ಮಾರಿಬಿಡಿ ಎಂದು ಪಕ್ಕದ ಅಂಗಡಿಯವರು ಹೇಳಿದರು. ಇವರೋ, ದರ ಬಿದ್ದಾಗಲೆಲ್ಲ ಹುಮನಾಬಾದಿನ ಬಸ್ಸು ಹತ್ತಿ, ಜುಬೇರನ ಮೇಜಿನ ಮೇಲಿನ ಫೋನುಗಳನ್ನು ಮತ್ತೆ ನೋಡಿ, ನೆಮ್ಮದಿಯಿಂದ ಮರಳುತ್ತಿದ್ದರು. ಅಷ್ಟರಲ್ಲಿ ಘಾಟಬೋರಾಳದಲ್ಲಿ ಬಾವಿಯಿರುವ ಹೊಲವೊಂದು ಮಾರಾಟಕ್ಕೆ ಬಂತು. ಈ ಸಲ ತನ್ನ ದುಡ್ಡಿನ ಗತಿ ನೋಡಲು ಶಕುಂತಲಾಬಾಯಿಯವರೂ ಬಸ್ಸು ಹತ್ತಿದರು. ಜೊತೆಗೆ ನಾನೂ ಇದ್ದೆ.

ಯಜಮಾನರು ಒಂದೊಂದೇ ಫೋನು ಎತ್ತಿ ತೋರಿಸಿದರು. ಆಕೆ ಎಲ್ಲವನ್ನೂ ನೋಡಿ, ಸೆರಗು ಸರಿಮಾಡಿಕೊಂಡು ಕೇಳಿದರು: "ಅಲ್ರಿ, ಇವೆಲ್ಲಾ ಕೆಟ್ಟು ಬಂದ ಫೋನ್ ಅಲ್ಲೇನ್ರಿ? ಕೆಡದ ಫೋನಿನಾಗ ಯಾರ ಮಾಲ್ ಅದ?"

"ಚಾರ್ಜಿಂಗ್ ಕೆಟ್ಟವೇ ಜಾಸ್ತಿ ಬರ್ತಾವ್ರಿ ಬಾಯಿ," ಎಂದ ಜುಬೇರ ತಲೆಯೆತ್ತದೆ.

ಜೀವನವಿಡೀ ಚೀಲದ ತಳ ನೋಡಿದ ಮನುಷ್ಯ, ಹುಳುಕೆಂದು ತಿರುಗಿ ಬಂದ ಚೀಲಗಳನ್ನಷ್ಟೇ ನೋಡಿ ಊರ ಬೆಳೆಗೆ ದರ ಕಟ್ಟಿದ್ದರು. ಅವರ ಮುಖ ನೋಡಲು ನನಗೆ ಸಂಕಟವಾಯಿತು. ಶಕುಂತಲಾಬಾಯಿ, ಮಗಳು ವಿದ್ಯಾವತಿ ಕೊಡಿಸಿದ್ದ ತಮ್ಮ ಹೊಸ ಫೋನನ್ನು ಮೇಜಿನ ಮೇಲಿಟ್ಟು, "ಇದನ್ನ ಬಿಚ್ಚಪಾ," ಎಂದರು.

"ಛಲೋ ನಡದದ, ಯಾಕ ಕೆಡಸ್ತಿ?" ಗಂಡ ಕೈ ಅಡ್ಡ ಹಿಡಿದರು.

"ನನ್ನ ಹೊಲಾ ಅದರೊಳಗ ಅದ್ರಿ. ಬಿಚ್ಚಲಿ."

ಒಳಗಿದ್ದದ್ದು ಪುಣೆಯವರ ಚಿಪ್ಪು. ಮಹಾರುದ್ರಪ್ಪನವರು ಬಹಳ ಹೊತ್ತು ಭೂತಗನ್ನಡಿ ಕೆಳಗಿಡಲಿಲ್ಲ. ಆಮೇಲೆ ಜುಬೇರನ ಅಂಗಡಿಯ ಸ್ಟೂಲಿನ ಮೇಲೆ ಕೂತು ಫೋನಿನಲ್ಲೇ ಷೇರುಗಳನ್ನೆಲ್ಲ ಮಾರಿದರು. ಬಾವಿಯ ಹೊಲ ಕೈಗೆಟುಕಲಿಲ್ಲ. ಉಳಿದ ದುಡ್ಡಿಗೆ ಅದೇ ಘಾಟಬೋರಾಳದ ಊರಂಚಿನ ಕಲ್ಲುನೆಲದ ಒಂದು ಪಟ್ಟಿ ಬಂತು.

ಮೊನ್ನೆ ಆ ಪಟ್ಟಿಯ ಮೊದಲ ತೊಗರಿ ಅಂಗಡಿಗೆ ಬಂದಾಗ, ಯಜಮಾನರು ಚೀಲ ಮುಟ್ಟದೆಯೇ ಎಲ್ಲಕ್ಕಿಂತ ಹೆಚ್ಚಿನ ದರ ಕೂಗಿದರು. ಆಕೆ ತಡೆದರು: "ಕೈ ಹಾಕಿ ನೋಡ್ರಿ. ನಂದೂ ಮಾಲೇ." ಬೂದಿಬಣ್ಣದ ತೋಳು ನಿಧಾನವಾಗಿ ಒಳಗಿಳಿಯಿತು.

ಮುಟ್ಟಿ ನೋಡಿ ನಂಬುವ ಈ ಜಾತಿಯ ಜನರನ್ನು ನಾನು ಇಂದಿಗೂ ಗೌರವಿಸುತ್ತೇನೆ. ಅವರ ಕೈ ಸುಳ್ಳು ಹೇಳುವುದಿಲ್ಲ. ಆದರೆ ಯಾವ ಚೀಲ ತನ್ನೆದುರಿಗೆ ಬರಲೇ ಇಲ್ಲ ಎಂಬುದನ್ನು ಪಾಪ, ಕೈಯಾದರೂ ಹೇಗೆ ಹೇಳೀತು? ಅದನ್ನು ಹೇಳಬಲ್ಲವರು ಬಹುಪಾಲು ಮನೆಯಲ್ಲೇ ಇರುತ್ತಾರೆ. ಮುಟ್ಟಿ ನೋಡುವ ಇವರು ಮಾತ್ರ ಅವರನ್ನು ಕೇಳದೆ ಬಸ್ಸು ಹತ್ತಿ ಹುಮನಾಬಾದಿಗೆ ಹೋಗುತ್ತಾರೆ.